ಅಶ್ಲೀಲ ಯಾವುದು – ಆಡಿದ ಮಾತೋ, ಮಾಡಿದ ಕೆಲಸವೋ?



ನಮ್ಮ ಹುಡುಗರು ಬರೆದದ್ದನ್ನು ಓದಿದ ಕೂಡಲೇ ಕೆಲವರ ಬಾಯಿಂದ ಬರುವ ಮೊದಲ ಮಾತು 'ಅಶ್ಲೀಲ'. ಕವಿತೆ ಚೆನ್ನಾಗಿಲ್ಲ ಅಂದರೆ ಕೇಳೋಣ. ಲಯ ತಪ್ಪಿದೆ, ಮಾತು ಹೆಚ್ಚಾಗಿದೆ ಅಂದರೆ ತಿದ್ದಿಕೊಳ್ಳೋಣ. ಆದರೆ ಅವರು ಅದನ್ನು ಹೇಳೋದಿಲ್ಲ. "ವಿಷಯ ಸರಿ ಇದೆಯಪ್ಪ, ಸ್ವಲ್ಪ ಅಶ್ಲೀಲವಾಯಿತು, ಸಭೆಯಲ್ಲಿ ಹೆಣ್ಣುಮಕ್ಕಳಿದ್ದಾರೆ" ಅಂತಾರೆ. ಸತ್ತ ದನ ಎಳೆಯುವ ಮಾತು ಬಂದರೆ ಅಶ್ಲೀಲ. ಪಾಯಿಖಾನೆ ಗುಂಡಿಗೆ ಇಳಿದವನ ಮಾತು ಬಂದರೆ ಅಶ್ಲೀಲ. ಕೂಲಿಗೆ ಹೋದ ಅಕ್ಕನ ಸೆರಗಿಗೆ ಜಮೀನ್ದಾರನ ಮಗ ಕೈ ಹಾಕಿದ ಮಾತು ಬಂದರಂತೂ ತೀರಾ ಅಶ್ಲೀಲ.

ಇಷ್ಟು ಸಲ ನಮ್ಮ ಮೇಲೆ ಎಸೆದಿರುವ ಈ ಕಲ್ಲನ್ನು ಒಮ್ಮೆ ಕೈಗೆ ತಗೊಂಡು ನೋಡೋಣ. ನಮ್ಮ ಕುಲಗೋತ್ರ ಕೇಳುವವರ ಪದಕ್ಕೂ ಒಂದು ಕುಲಗೋತ್ರ ಇರಲೇಬೇಕಲ್ಲ?

'ಅಶ್ಲೀಲ' ಕನ್ನಡದ ಪದವಲ್ಲ, ಸಂಸ್ಕೃತದ್ದು. ಅದರ ಹಳೆಯ ರೂಪ 'ಅಶ್ರೀಲ'. 'ರ' ಹೋಗಿ 'ಲ' ಬಂದಿದೆ. ಬಿಡಿಸಿದರೆ ಅರ್ಥ ಇಷ್ಟೇ: ಶ್ರೀ ಇಲ್ಲದ್ದು. ಶ್ರೀ ಅಂದರೆ ಏನು? ಸಂಪತ್ತು, ಕಳೆ, ಮಂಗಳ. ಅಂದರೆ ಮೊಟ್ಟಮೊದಲಿಗೆ ಅಶ್ಲೀಲ ಅನ್ನೋದು ಬೆತ್ತಲೆ ಮೈಯ ಮಾತಲ್ಲ, ಕೆಟ್ಟ ಬೈಗುಳದ ಮಾತೂ ಅಲ್ಲ. ಸಿರಿ ಇಲ್ಲದ, ಕಳೆ ಇಲ್ಲದ, ಎದುರಿಗೆ ಬಂದರೆ ಅಪಶಕುನ ಅನ್ನಿಸುವ ಯಾವುದಕ್ಕಾದರೂ ಇದು ಹೆಸರು. ಹಾಗಾದರೆ ಹೇಳಿ, ನಮ್ಮ ಕೇರಿಗಿಂತ ಅಶ್ಲೀಲವಾದ ಜಾಗ ಈ ದೇಶದಲ್ಲಿ ಇನ್ನೊಂದು ಇತ್ತೇ? ಗೆಳೆಯನ ಕವಿತೆ ಅಶ್ಲೀಲ ಅಂದವರು ತಮಗೆ ಗೊತ್ತಿಲ್ಲದೆಯೇ ಅದರ ವಿಳಾಸ ಹೇಳಿದ್ದಾರೆ.

ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತಗೊಂಡ ಗೆಳೆಯರು ಕಾವ್ಯಮೀಮಾಂಸೆಯಲ್ಲಿ ಕಾವ್ಯದೋಷಗಳ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತೀರಿ. ಕಾಶ್ಮೀರದ ವಾಮನ, ಅವನ ನಂತರ 11ನೇ ಶತಮಾನದ ಮಮ್ಮಟ, ಇವರು ಅಶ್ಲೀಲ ದೋಷವನ್ನು ಮೂರು ಬಗೆ ಮಾಡುತ್ತಾರೆ. ವ್ರೀಡೆ, ಅಂದರೆ ನಾಚಿಕೆ ತರುವ ಮಾತು. ಜುಗುಪ್ಸೆ, ಅಂದರೆ ಹೇಸಿಗೆ ತರುವ ಮಾತು. ಅಮಂಗಳ, ಅಂದರೆ ಸಾವು-ಸೂತಕ ನೆನಪಿಸುವ ಮಾತು. ಪರೀಕ್ಷೆಯಲ್ಲಿ ಇದನ್ನು ಬರೆದು ಐದು ಅಂಕ ತಗೊಂಡು ಮರೆತುಬಿಟ್ಟಿದ್ದೀರಿ. ಈಗ ಇನ್ನೊಂದು ಸಲ ಓದಿ ನೋಡಿ. ಹೇಸಿಗೆ ಎತ್ತುವ ಕೆಲಸ ಯಾರಿಗೆ ಹಚ್ಚಿದ್ದರು? ಸತ್ತ ದನ ಎಳೆಯುವ, ಹೆಣಕ್ಕೆ ಗುಂಡಿ ತೋಡುವ, ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡುವ, ಹೆಣದ ಮುಂದೆ ತಮಟೆ ಬಡಿಯುವ ಕೆಲಸ ಯಾರದ್ದಾಗಿತ್ತು? ಶಾಸ್ತ್ರಕಾರರು ಕಾವ್ಯದಿಂದ ಹೊರಗಿಡಬೇಕಾದ ಪದಗಳ ಪಟ್ಟಿ ಮಾಡಿದರು. ಅದೇ ಪಟ್ಟಿ ನಮ್ಮಪ್ಪ ಅಮ್ಮಂದಿರ ದಿನಗೆಲಸದ ಪಟ್ಟಿ. ನಾವು ನಮ್ಮ ಮನೆಯ ದಿನಚರಿ ಬರೆದರೆ ಸಾಕು, ಮೂರರಲ್ಲಿ ಎರಡು ದೋಷ ತಾವಾಗಿಯೇ ಬಂದು ಕೂರುತ್ತವೆ. ಅದೇ ಶಾಸ್ತ್ರದಲ್ಲಿ 'ಗ್ರಾಮ್ಯ' ಅಂತ ಇನ್ನೊಂದು ದೋಷ ಇದೆ. ಹಳ್ಳಿಯವನ ಮಾತು ಬಂದರೆ ಅದೂ ತಪ್ಪು!

'ಅಸಭ್ಯ' ಪದವನ್ನೂ ಬಿಡಿಸಿ. ಸಭೆಗೆ ತಕ್ಕವನು ಸಭ್ಯ, ಸಭೆಗೆ ತಕ್ಕುದಲ್ಲದವನು ಅಸಭ್ಯ. ಯಾರನ್ನು ಸಭೆಯ ಮೆಟ್ಟಿಲಿಗೂ ಬಿಡಲಿಲ್ಲವೋ ಅವರ ಮಾತು ಅಸಭ್ಯವಾಗದೆ ಇನ್ನೇನಾದೀತು?

ಇದು ಬರೀ ಕಾವ್ಯದ ಮಾತಾಗಿದ್ದರೆ ಪಂಡಿತರಿಗೇ ಬಿಟ್ಟುಬಿಡಬಹುದಿತ್ತು. ಮನುಸ್ಮೃತಿಯ ಎರಡನೇ ಅಧ್ಯಾಯ ಮಕ್ಕಳಿಗೆ ಹೆಸರಿಡುವ ಕ್ರಮ ಹೇಳುತ್ತದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ಸೂಚಿಸಬೇಕು, ವೈಶ್ಯನದು ಹಣ ಸೂಚಿಸಬೇಕು, ಶೂದ್ರನದು 'ಜುಗುಪ್ಸಿತ'ವಾಗಿರಬೇಕು. ಅದೇ ಜುಗುಪ್ಸೆ! ಒಂದು ಗ್ರಂಥ, ಹೇಸಿಗೆ ಹುಟ್ಟಿಸುವ ಹೆಸರಿಡಿ ಅನ್ನುತ್ತದೆ. ಇನ್ನೊಂದು ಗ್ರಂಥ, ಹೇಸಿಗೆ ಹುಟ್ಟಿಸುವ ಮಾತು ಕಾವ್ಯಕ್ಕೆ ಬೇಡ ಅನ್ನುತ್ತದೆ. ಎರಡನ್ನೂ ಕೂಡಿಸಿದರೆ ಶೂದ್ರನ ಹೆಸರೇ ಕಾವ್ಯಕ್ಕೆ ದೋಷ. ಅವನಿಗೂ ಕೆಳಗೆ, ವರ್ಣದಿಂದಲೇ ಆಚೆಗಿಟ್ಟ ನಮ್ಮ ಹೆಸರು ಯಾವ ಲೆಕ್ಕ?

ಆದರೆ ನಮ್ಮ ಜನ ಈ ಲೆಕ್ಕವನ್ನು ಸುಮ್ಮನೆ ಒಪ್ಪಿಕೊಂಡು ಕೂತಿರಲಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ನೋಡಿ. ತಿಪ್ಪೆ ಅಂದರೆ ಕಸ, ಸಗಣಿ ಸುರಿಯೋ ಜಾಗ. ಆದರೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಲಕ್ಷಾಂತರ ಜನ ಕೈಮುಗಿಯೋದು ತಿಪ್ಪೇರುದ್ರಸ್ವಾಮಿಗೆ. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಎಲ್ಲಿಗೆ ಹೋದರೂ ತಿಪ್ಪೇಸ್ವಾಮಿ ಇದ್ದಾನೆ, ತಿಪ್ಪಮ್ಮ ಇದ್ದಾಳೆ. ಹುಟ್ಟಿದ ಕೂಸುಗಳು ಉಳಿಯದೆ ಹೋದರೆ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು, ಆ ಹೆಸರಿಟ್ಟು ಬದುಕಿಸಿಕೊಂಡ ತಾಯಂದಿರ ನಾಡು ಇದು. ತಿಪ್ಪೆ ಅನ್ನೋ ಪದದಲ್ಲಿ ಹೊಲಸಿಲ್ಲ. ಹೊಲಕ್ಕೆ ಹೋದರೆ ಅದೇ ಗೊಬ್ಬರ, ರಾಗಿ.

ಇನ್ನು 'ಹೊಲಸು' ಅನ್ನೋ ಪದ. ನಮ್ಮ ತಾಳ್ಯದ ಕಡೆ ಯಾರೂ 'ಅಶ್ಲೀಲ' ಅನ್ನೋದಿಲ್ಲ, ಹೊಲಸು ಮಾತು ಅಂತಾರೆ. ಕೊಳಕು ಮಾತಾಡಿದವನಿಗೆ "ನಿನ್ನ ಬಾಯಿ ಹೊಲಸು" ಅಂತಾರೆ. ಹೊಲಸು, ಹೊಲೆ, ಹೊಲೆತನ, ಹೊಲೆಗೆಲಸ – ಈ ಮಾತುಗಳ ಪಕ್ಕದಲ್ಲೇ ನಮ್ಮ ಒಂದು ಜಾತಿಯ ಹೆಸರೂ ನಿಂತಿದೆ. ಹೊಲದಲ್ಲಿ ದುಡಿದವನು ಹೊಲೆಯ ಅಂತ ಕೆಲವು ವಿದ್ವಾಂಸರು, ಹೊಲೆ ಅನ್ನೋ ಪದದಿಂದ ಬಂತು ಅಂತ ಇನ್ನು ಕೆಲವರು. ಅವರ ಜಗಳ ಮುಗಿಯೋವರೆಗೆ ಕಾಯೋ ಅಗತ್ಯ ನಮಗಿಲ್ಲ. ಬೈಯುವವನು ನಿಘಂಟು ತೆಗೆದು ನೋಡಿ ಬೈಯೋದಿಲ್ಲ. ಅವನ ಬಾಯಲ್ಲಿ ಜಾತಿಯ ಹೆಸರೂ ಹೊಲಸಿನ ಹೆಸರೂ ಒಂದೇ ಆಗಿವೆ.

12ನೇ ಶತಮಾನದ ಶರಣರು ದೊಡ್ಡ ಕೆಲಸ ಮಾಡಿದರು. ಹೊಲೆಯನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಅಂಟಿಸಿದರು. ಕೆಟ್ಟದ್ದು ಮಾಡಿದವನೇ ಹೊಲೆಯ, ಹುಟ್ಟಿನಿಂದ ಯಾರೂ ಅಲ್ಲ ಅಂದರು. ಅವರಿಗೆ ಶರಣು. ಆದರೆ ಬೈಗುಳ ಬೈಗುಳವಾಗಿಯೇ ಉಳಿಯಿತು. ಕೆಟ್ಟವನನ್ನು ಕರೆಯೋಕೆ ನಮ್ಮ ಹೆಸರೇ ಯಾಕೆ ಬೇಕು? ಈ ಪ್ರಶ್ನೆಗೆ ಎಂಟು ನೂರು ವರ್ಷವಾದರೂ ಉತ್ತರ ಬರಲಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟಾಗ ಒಂದು ಉತ್ತರ ಬಂತು. ಊರಿನ ಬಾಯಲ್ಲಿ ಬೈಗುಳವಾಗಿದ್ದ ಎರಡು ಹೆಸರುಗಳು ಪುಸ್ತಕದ ರಟ್ಟಿನ ಮೇಲೆ ತಲೆಯೆತ್ತಿ ಕೂತವು.

ಹೊಲೆ ಅನ್ನೋ ಈ ಒಂದೇ ಪದ ಹೆಣ್ಣಿನ ಮುಟ್ಟಿಗೂ ಬಾಣಂತನದ ಸೂತಕಕ್ಕೂ ಬಳಕೆಯಲ್ಲಿತ್ತು ಅನ್ನೋದನ್ನ ಹಳೆಯ ನಿಘಂಟುಗಳು ಹೇಳುತ್ತವೆ. ಕೇರಿಯನ್ನು ಊರಾಚೆ ಇಟ್ಟ ಪದವೇ ಹೆಣ್ಣನ್ನು ಮನೆಯಾಚೆ ಇಟ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಆಗಿನ ನಮ್ಮ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರನ್ನು ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಯ ಒಳಗೆ ಬಿಡಲಿಲ್ಲ, ಮಾದಿಗರು ಅನ್ನೋ ಒಂದೇ ಕಾರಣಕ್ಕೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಟ್ಟರು, ಮಳೆ ಚಳಿಗೆ ಕೂಸು ಸತ್ತಿತು. ಸಂಸದನಿಗೆ ಅಡ್ಡ ನಿಂತದ್ದೂ ಕೂಸನ್ನು ಕೊಂದದ್ದೂ ಒಂದೇ ಪದ. ಗೊಲ್ಲರನ್ನು ಬೈಯೋದಕ್ಕೆ ಇದನ್ನು ಬರೆಯುತ್ತಿಲ್ಲ. ಕುರಿಯ ಹಿಂದೆ ಬದುಕು ಸವೆಸಿದ ಬಡವರು ಅವರು. ಮೇಲಿನವರು ಕಟ್ಟಿದ ಬೇಲಿಯನ್ನು ಕೆಳಗಿನವರೂ ಕಾಯುತ್ತಾ ಕೂತಿದ್ದಾರೆ, ಅಷ್ಟೇ.

ಈಗ ಅಶ್ಲೀಲ ಅಂತ ಯಾರೂ ಕರೆಯದ ಕೆಲವು ಕೆಲಸಗಳನ್ನು ನೋಡೋಣ.

1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಕೆರೆ ಮೈಲಿಗೆಯಾಯಿತು ಅಂತ 108 ಕೊಡ ನೀರು ಎತ್ತಿ ಹಾಕಿ, ಹಾಲು, ಮೊಸರಿನ ಜೊತೆ ದನದ ಸಗಣಿ, ಗಂಜಲ ಕಲಸಿ ಶುದ್ಧಿ ಮಾಡಿದರು. ಮನುಷ್ಯನ ಕೈ ಹೊಲಸು, ದನದ ಗಂಜಲ ಶುದ್ಧ! ಇದಕ್ಕೆ ಅಶ್ಲೀಲ ಅಂತ ಯಾವ ಶಾಸ್ತ್ರಿಯೂ ಅನ್ನಲಿಲ್ಲ.

1973ರ ನವೆಂಬರ್ 19ರಂದು ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಬೂಸಾ ಅಂದರೆ ದನ ತಿನ್ನೋ ಹೊಟ್ಟು. ಇಂಥ ಮಾತು ಮಂತ್ರಿಯ ಬಾಯಲ್ಲಿ ಬರಬಹುದೇ ಅಂತ ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಹೊರಟ ಮಂತ್ರಿಯೂ ಇವರೇ. ಬುಟ್ಟಿಯಿಂದ ಸೋರಿ ಮೈಮೇಲೆ ಇಳಿಯುತ್ತಿದ್ದಾಗ ಸುಮ್ಮನಿದ್ದವರಿಗೆ ದನದ ಹೊಟ್ಟಿನ ಹೆಸರು ಕೇಳಿದರೆ ವಾಕರಿಕೆ ಬಂತು.

1986ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ಹೊಳೆಯಲ್ಲಿ ಮುಳುಗಿ ಬೆತ್ತಲೆ ಮೈಯಲ್ಲಿ ರೇಣುಕಾಂಬೆಯ ಗುಡ್ಡ ಹತ್ತುತ್ತಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. ಬಟ್ಟೆ ಕೊಡಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಅವರ ಬಟ್ಟೆಯನ್ನೇ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅಲ್ಲಿಯವರೆಗೆ ವರ್ಷವರ್ಷವೂ ನಡೆದದ್ದಕ್ಕೆ ಭಕ್ತಿ ಅಂತ ಹೆಸರಿತ್ತು. ಅದನ್ನೇ ಬರೆದರೆ ಅಶ್ಲೀಲ ಅಂತ ಹೆಸರು.

1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿ. ಬೆಳೆ ಕದ್ದರು ಅನ್ನೋ ನೆಪಕ್ಕೆ ದಲಿತರ ಬಾಯಿಗೆ ಮನುಷ್ಯರ ಹೇಲು ತುರುಕಿದರು. ಈ ಸಾಲನ್ನು ನಾವು ಬೇಕೆಂದೇ ಹೀಗೆ ಬರೆದಿದ್ದೇವೆ. 'ಮಲ ತಿನ್ನಿಸಿದ ಪ್ರಕರಣ' ಅಂದರೆ ಸಭೆ ಸಹಿಸುತ್ತದೆ. 'ಅಮೇಧ್ಯ' ಅಂದರೆ ಇನ್ನೂ ಮರ್ಯಾದೆ. ಕನ್ನಡದ ಪದ ಬಂದ ಕೂಡಲೇ ಮೂಗು ಮುಚ್ಚುತ್ತಾರೆ. ವಸ್ತು ಒಂದೇ, ನಾತ ಒಂದೇ. ಸಂಸ್ಕೃತದ ಪದಕ್ಕೆ ಮಡಿಬಟ್ಟೆ ಉಡಿಸಿದ್ದಾರೆ, ಕನ್ನಡದ ಪದಕ್ಕೆ ಪೊರಕೆ ಕೊಟ್ಟಿದ್ದಾರೆ. 'ಸ್ತನ' ಅಂದರೆ ವಿಜ್ಞಾನ, 'ಮೊಲೆ' ಅಂದರೆ ಪೋಲಿ. ನಮ್ಮ ಅವ್ವಂದಿರು "ಕೂಸಿಗೆ ಮೊಲೆ ಕುಡಿಸು" ಅಂತ ದಿನಾ ಕೂಗುತ್ತಾರೆ, ಹಳಗನ್ನಡದ ಕವಿಗಳೂ ನಾಚಿಕೆಯಿಲ್ಲದೆ ಅದೇ ಪದ ಬರೆದಿದ್ದಾರೆ. ನಾಚಿಕೆ ಬಂದದ್ದು ನಡುವೆ ಕೂತವರಿಗೆ.

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು, ತಲೆಮಾರುಗಳಿಂದ ಇದ್ದ ಜಾಗದಿಂದ ಎಬ್ಬಿಸಲು ಬಂದಾಗ, ಪುರಸಭೆಯ ಎದುರು ಹೇಲನ್ನೇ ಮೈಮೇಲೆ ಸುರಿದುಕೊಂಡರು. ಮಲ ಬಳಿಯಿಸುವುದನ್ನು ತಡೆಯಲು 1993ರಲ್ಲೇ ಕಾಯಿದೆ ಆಗಿತ್ತು, 2013ರಲ್ಲಿ ಇನ್ನೊಂದು ಆಯಿತು. ಆ ದಿನದ ಚಿತ್ರ ನೋಡಲಾರದೆ ಕಣ್ಣು ಮುಚ್ಚಿಕೊಂಡವರು ಬಹಳ ಜನ. ಅದನ್ನೇ ಅವರು ದಿನವೂ ಎತ್ತುತ್ತಿದ್ದಾಗ ಈ ಕಣ್ಣುಗಳು ಎಲ್ಲಿದ್ದವು?

ಇನ್ನು ಕಾನೂನಿನ ಮಾತು, ವಕೀಲಿ ಓದುವ ಗೆಳೆಯರಿಗಾಗಿ. 1860ರ ದಂಡ ಸಂಹಿತೆಯ 292ನೇ ಕಲಂ ಅಶ್ಲೀಲ ಪುಸ್ತಕಕ್ಕೆ, 294ನೇ ಕಲಂ ಅಶ್ಲೀಲ ಹಾಡು-ಮಾತಿಗೆ. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 294 ಮತ್ತು 296 ಆಗಿವೆ. ಬಹುಕಾಲ ನಮ್ಮ ಕೋರ್ಟುಗಳು 1868ರ ಇಂಗ್ಲೆಂಡಿನ ಹಿಕ್ಲಿನ್ ತೀರ್ಪಿನ ಅಳತೆಗೋಲು ಹಿಡಿದಿದ್ದವು: ಓದಿದವನ ಮನಸ್ಸು ಕೆಡುತ್ತದೆಯೇ? 2014ರಲ್ಲಿ ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಟ್ಟು 'ಸಮುದಾಯದ ಮಾನದಂಡ' ಅಂದಿತು. ಒಳ್ಳೆಯದೇ. ಆದರೆ ಯಾವ ಸಮುದಾಯ? ಊರೋ, ಕೇರಿಯೋ? ಅಗ್ರಹಾರವೋ, ಎ.ಕೆ. ಕಾಲೋನಿಯೋ? ಪುಸ್ತಕದ ಕಲಮಿನಲ್ಲಿ ಇನ್ನೊಂದು ವಿನಾಯಿತಿಯೂ ಇದೆ. ದೇವಸ್ಥಾನದ ಗೋಡೆಯ ಮೇಲಿನ, ತೇರಿನ ಮೇಲಿನ ಕೆತ್ತನೆಗೆ ಅದು ಅನ್ವಯವಾಗೋದಿಲ್ಲ. ಆ ಶಿಲ್ಪಗಳನ್ನು ಒಡೆಯಿರಿ ಅಂತ ನಾವು ಹೇಳೋದಿಲ್ಲ. ದೇವರಿಗೆ ಕೊಟ್ಟ ವಿನಾಯಿತಿಯನ್ನು ಹಸಿದವನ ಸಿಟ್ಟಿಗೂ ಕೊಡಿ ಅಂತೀವಿ.

ಅದರ ಪಕ್ಕದಲ್ಲಿ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ಇಟ್ಟು ನೋಡಿ. ಅದರಲ್ಲಿ ಅಪರಾಧಗಳ ಪಟ್ಟಿಯ ಮೊದಲನೆಯದೇ ತಿನ್ನಬಾರದ, ಹೇಸಿಗೆಯ ವಸ್ತುವನ್ನು ತಿನ್ನಿಸುವುದು. ಬೆತ್ತಲೆ ಮಾಡಿ ಮೆರವಣಿಗೆ ಮಾಡುವುದೂ ಅದರಲ್ಲಿದೆ. ಸಂಸತ್ತಿನ ಸಭೆಯಲ್ಲಿ ಕೂತು ಇವನ್ನೆಲ್ಲ ಬರೆಯಬೇಕಾಯಿತು, ಯಾಕೆಂದರೆ ಇವೆಲ್ಲ ನಡೆಯುತ್ತಿದ್ದವು. ಸಂಸತ್ತು ಬರೆದರೆ ಕಾಯಿದೆ, ನಾವು ಬರೆದರೆ ಅಶ್ಲೀಲ! ಜಾತಿ ಹೆಸರು ಹಿಡಿದು ಬೈದವನಿಗೂ ಆ ಕಾಯಿದೆಯಲ್ಲಿ ಶಿಕ್ಷೆ ಇದೆ. ಆದರೆ ಬೈಗುಳ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಸಾಕ್ಷಿಗಳಿಲ್ಲದೆ ಮನೆಯ ನಾಲ್ಕು ಗೋಡೆಯೊಳಗೆ ಬೈದರೆ ಈ ಕಲಂ ಅಂಟೋದಿಲ್ಲ ಅಂತ 2020ರಲ್ಲಿ ಹಿತೇಶ್ ವರ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಅವ್ವಂದಿರು ಕಸಮುಸುರೆಗೆ ಹೋಗೋದು ಆ ಗೋಡೆಗಳ ಒಳಕ್ಕೇ ಅಲ್ಲವೇ?

ಇಷ್ಟೆಲ್ಲ ಆದ ಮೇಲೆ ಹಾಸ್ಟೆಲಿನ ತಮ್ಮಂದಿರಿಗೆ ಒಂದು ಮಾತು. ಸಿಟ್ಟಾಗಬೇಡ್ರಪ್ಪ, ಕೇಳಿಸಿಕೊಳ್ಳಿ.

"ಅವರು ನಮ್ಮ ಮಾತನ್ನೆಲ್ಲ ಹೊಲಸು ಅಂತಾರೆ, ಹಾಗಾದರೆ ನಾವು ಬಾಯಿಗೆ ಬಂದದ್ದೆಲ್ಲ ಅಂತೀವಿ, ಅದೇ ಬಂಡಾಯ" ಅನ್ನೋರು ನಮ್ಮಲ್ಲಿ ಇದ್ದಾರೆ. ಮೆಸ್ಸಿನ ಸಾಲಿನಲ್ಲಿ, ಕಬಡ್ಡಿ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಕೇಳೋ ಬೈಗುಳ 'ಸೂಳೆಮಗ'. ಈ ಪದವನ್ನೂ ಬಿಡಿಸೋಣ. ಬಳ್ಳಾರಿ, ರಾಯಚೂರು, ನಮ್ಮ ಚಿತ್ರದುರ್ಗದ ಬಯಲುಸೀಮೆಯಲ್ಲಿ ಯಾರ ಮನೆಯ ಹುಡುಗಿಯರನ್ನು ಬಸವಿ ಬಿಟ್ಟರು? ಯಾರ ಕೊರಳಿಗೆ ಮುತ್ತು ಕಟ್ಟಿದರು? ಅವರಲ್ಲಿ ಬಹುಪಾಲು ನಮ್ಮ ಕೇರಿಯ ಮಕ್ಕಳೇ. 1982ರಲ್ಲಿ ದೇವದಾಸಿ ನಿಷೇಧ ಕಾಯಿದೆ ಬರೆಯಬೇಕಾದದ್ದು ನಮ್ಮ ಅಜ್ಜಿಯರ, ಅತ್ತೆಯರ, ಅಕ್ಕಂದಿರ ಕಣ್ಣೀರಿನ ದೆಸೆಯಿಂದ. ಬಲಿಯಾದವಳನ್ನು ಬೈಗುಳ ಮಾಡಿ, ಬಲಿ ಕೊಟ್ಟವನನ್ನು ಗೌರವವಾಗಿ ಬಿಟ್ಟ ಪದ ಅದು. 'ಬೋಳಿಮಗ' ಅಂತೀರಿ. ಬೋಳಿ ಯಾರು? ಗಂಡ ಸತ್ತ ತಪ್ಪಿಗೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ ಹೆಣ್ಣು. ಅಗ್ರಹಾರದ ಕ್ರೌರ್ಯವನ್ನು ನಮ್ಮ ಹಾಸ್ಟೆಲಿನ ಬಾಯಲ್ಲಿ ಯಾಕೆ ಸಾಕಬೇಕು? ಇನ್ನು ಎಡಗೈಯವನು ಬಲಗೈಯವನಿಗೆ, ಬಲಗೈಯವನು ಎಡಗೈಯವನಿಗೆ ಜಾತಿ ಎತ್ತಿ ಅನ್ನೋ ಮಾತು. ಒಬ್ಬರನ್ನೊಬ್ಬರು ಹಾಗೆ ಕರೆದುಕೊಂಡರೆ ಊರಿನವನಿಗೆ ಬೈಯೋ ಕೆಲಸವೂ ಉಳಿಯಿತು.

ಯಾವ ಪದ ಬರೆಯಬಹುದು, ಯಾವುದು ಬೇಡ ಅಂತ ಕೇಳೋ ತರುಣ ಕವಿಗಳಿಗೆ ನಾವು ಪಟ್ಟಿ ಕೊಡೋದಿಲ್ಲ. ಪಟ್ಟಿ ಮಾಡೋದು ಅವರ ಚಾಳಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ಯಾರನ್ನು ಬಯಲಿಗೆ ಎಳೆಯುತ್ತದೆ – ಸೀರೆ ಸೆಳೆದವನ ಕೈಯನ್ನೋ, ಸೆಳೆಸಿಕೊಂಡವಳ ಮೈಯನ್ನೋ? ಕೈಯನ್ನು ತೋರಿಸಿದರೆ ಎಷ್ಟೇ ಒರಟಾಗಿರಲಿ, ಬರೆಯಿರಿ, ಸಭೆಯಲ್ಲಿ ನಿಂತು ಓದಿರಿ. ಮೈಯನ್ನು ಮತ್ತೆ ತೋರಿಸಿ ಚಪ್ಪಾಳೆ ಗಿಟ್ಟಿಸೋದಾದರೆ ಎಷ್ಟೇ ನಯವಾದ ಸಂಸ್ಕೃತದಲ್ಲಿರಲಿ, ಹರಿದು ಹಾಕಿರಿ.

ನಾವು ಹೇಳೋದು ಇಷ್ಟು:

ಒಂದು, ಕವಿಗೋಷ್ಠಿಯಲ್ಲಿ ನಮ್ಮ ಕವಿತೆಗೆ ಅಶ್ಲೀಲ ಅಂದವರನ್ನು ಎದ್ದುನಿಂತು ವಿನಯವಾಗಿಯೇ ಕೇಳಿ: ಯಾವ ಪದ? ಆ ಪದ ಹೇಳುವ ಕೆಲಸ ನಡೆದದ್ದು ನಿಜವೋ ಸುಳ್ಳೋ? ನಿಜವಾದರೆ ಅದನ್ನು ನಿಲ್ಲಿಸಲು ನೀವು ಏನು ಮಾಡಿದಿರಿ?

ಎರಡು, ಜಾತಿಯ ಹೆಸರನ್ನು ಹೊಲಸಿನ ಅರ್ಥದಲ್ಲಿ ಬಳಸುವ ಮಾತು ಪಾಠದಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಎಲ್ಲೇ ಕಂಡರೂ ಬರೆದಿಟ್ಟುಕೊಳ್ಳಿ, ಸಭೆಗೆ ತನ್ನಿ. ಅದಕ್ಕೆ ನಾವು ಅಶ್ಲೀಲ ಅನ್ನೋಣ.

ಮೂರು, ಹೆಣ್ಣನ್ನು ಹಿಡಿದು ಬೈಯೋ ಬೈಗುಳ ಹಾಸ್ಟೆಲಿನ ಹೊಸಿಲು ದಾಟಿ ಒಳಕ್ಕೆ ಬರಬಾರದು. ವಾರ್ಡನ್ ಹೇಳಲಿ ಅಂತ ಕಾಯಬೇಡಿ. ರೂಮು ರೂಮಿನಲ್ಲಿ ನೀವೇ ತೀರ್ಮಾನ ಮಾಡಿ.

ಬಸವಿ ಬಿಡುವುದು ಅಶ್ಲೀಲ. ಗುಂಡಿಗೆ ಮನುಷ್ಯನನ್ನು ಇಳಿಸುವುದು ಅಶ್ಲೀಲ. ಹೋಟೆಲಿನಲ್ಲಿ ಬೇರೆ ಲೋಟ ಇಡುವುದು ಅಶ್ಲೀಲ. ಬಾಣಂತಿಯನ್ನು ಮಳೆಗೆ ಬಿಡುವುದು ಅಶ್ಲೀಲ. ಇವು ಇರುವವರೆಗೆ ಈ ಪದವನ್ನು ನಮ್ಮ ಮೇಲೆ ಎಸೆಯಲು ಯಾರಿಗೂ ಬಿಡುವುದಿಲ್ಲ. ಅದು ಇನ್ನು ನಮ್ಮ ಕೈಯಲ್ಲಿರುತ್ತದೆ, ಹೇಳಬೇಕಾದ ಕಡೆ ನಾವೇ ಹೇಳುತ್ತೇವೆ.

ಜೈ ಭೀಮ್.

– ತಾಳ್ಯದ ಗೆಳೆಯರ ಪರವಾಗಿ